ಮೂರು ದಿನದ ಕೋಳಿ ಭ್ರೂಣದಲ್ಲಿ ನ್ಯೂರಾನ್‌ಗಳ ಬಗೆ ಗುರುತಿಸಿದ ನನ್ನ ಅನುಭವ

ಸಿಂಗಲ್ ಸೆಲ್ ಸೀಕ್ವೆನ್ಸಿಂಗ್ (ಒಂದೊಂದೇ ಕೋಶದ ಜೀನ್ ಚಟುವಟಿಕೆ ಓದುವ ತಂತ್ರ) ಇಲ್ಲದೆ ಮಿದುಳಿನ ಮೊದಲ ನ್ಯೂರಾನ್‌ಗಳನ್ನು ಬಗೆಬಗೆಯಾಗಿ ವಿಂಗಡಿಸಲಾಗದು, ಶಿವಮೊಗ್ಗದಲ್ಲಿ ಕುಳಿತಂತೂ ಆಗುವ ಮಾತೇ ಅಲ್ಲ ಎಂದವರಲ್ಲಿ ನನ್ನ ಹಿತೈಷಿಗಳೂ ಇದ್ದರು. ಎರಡು ವರ್ಷ, ಸುಮಾರು 600 ಮೊಟ್ಟೆ ಮತ್ತು ಒಂದು ಲಕ್ಷಕ್ಕೂ ಮಿಕ್ಕ ಸ್ವಂತ ಹಣ ಖರ್ಚಾದ ಬಳಿಕ, ಕಳೆದ ಮಾಗಿಯಲ್ಲಿ ಕೆಲಸ ಕೈಗೂಡಿತು.

ಮೊದಲ ಮಳೆಗಾಲ ಪೂರ್ತಿ ವ್ಯರ್ಥವಾಯಿತು. ಗಂಟೆ ಎಣಿಸಿ ಮೊಟ್ಟೆ ಒಡೆಯುತ್ತಿದ್ದೆ. ಆಷಾಢದ ಮಳೆಗೆ ದಿನಕ್ಕೆ ನಾಲ್ಕೈದು ಬಾರಿ ಕರೆಂಟು ಹೋಗುತ್ತಿದ್ದುದರಿಂದ, 50 ಗಂಟೆ ಕಾವು ಪಡೆದ ಭ್ರೂಣಗಳಲ್ಲಿ ಒಂದು 13 ಸೋಮೈಟ್‌ಗಳಲ್ಲೇ (ಭ್ರೂಣದ ಬೆನ್ನಗುಂಟ ಜೋಡಿಜೋಡಿಯಾಗಿ ಮೂಡುವ ಅಂಗಾಂಶದ ಗಂಟುಗಳು) ನಿಂತಿದ್ದರೆ ಇನ್ನೊಂದು 22 ಮುಟ್ಟಿರುತ್ತಿತ್ತು. ಕೋಳಿ ಭ್ರೂಣದ ಬೆಳವಣಿಗೆ ಅಳೆಯುವ ಹ್ಯಾಂಬರ್ಗರ್–ಹ್ಯಾಮಿಲ್ಟನ್ ಪಟ್ಟಿಯಲ್ಲಿ ಮೊದಲನೆಯದು ಹಂತ 11, ಎರಡನೆಯದು ಹಂತ 14. ಎಂಎಲ್‌ಎಫ್ (ಮೀಡಿಯಲ್ ಲಾಂಜಿಟ್ಯೂಡಿನಲ್ ಫ್ಯಾಸಿಕಲ್ ಎಂಬ ನರತಂತುಗಳ ಕಟ್ಟು) ನ್ಯೂರಾನ್‌ಗಳು ಆಗತಾನೇ ತಲೆಯೆತ್ತುವ ಭ್ರೂಣವನ್ನೂ ಅದಕ್ಕಿಂತ ಬಹಳ ಮುಂದುವರಿದದ್ದನ್ನೂ ಒಂದೇ ಗುಂಪಿಗೆ ಹಾಕಿದರೆ ವರ್ಗೀಕರಣಕ್ಕೆ ಅರ್ಥವೇ ಉಳಿಯದು. ಅಂದಿನಿಂದ ಗಡಿಯಾರ ಬಿಟ್ಟು ಸೋಮೈಟ್ ಎಣಿಸುತ್ತೇನೆ.

ಅದೇ ಹೊತ್ತಿಗೆ ತೀರ್ಥಹಳ್ಳಿಯ ಮನೆಯಲ್ಲಿ ಕಾವಿಗೆ ಕೂತಿದ್ದ ನಾಟಿ ಹೇಂಟೆಯ ಕೆಳಗೂ ಹನ್ನೆರಡು ಮೊಟ್ಟೆ ಇಟ್ಟು ನೋಡಿದೆ. ಹತ್ತರಲ್ಲಿ ಭ್ರೂಣವಿತ್ತು, ಅವುಗಳ ನಡುವಿನ ಅಂತರ ಎರಡು ಮೂರು ಸೋಮೈಟ್ ಮಾತ್ರ. ಇನ್‌ಕ್ಯುಬೇಟರ್‌ಗೆ ಯುಪಿಎಸ್ ಕೊಂಡದ್ದು ಅದನ್ನು ಕಂಡ ಮೇಲೆಯೇ.

ದೊಡ್ಡ ತಪ್ಪು ಆಂಟಿಬಾಡಿಯದು, ಅಂದರೆ ನಿರ್ದಿಷ್ಟ ಪ್ರೋಟೀನಿಗೆ ಅಂಟಿ ಕೋಶವನ್ನು ಗುರುತಿಸಿಕೊಡುವ ಅಣುವಿನ ಆಯ್ಕೆಯದು. ಸುಮಾರು 35 ಸಾವಿರ ಕೊಟ್ಟು ತರಿಸಿದ ಟಿಯುಜೆ-1 ಎಂಬ ಆಂಟಿಬಾಡಿ ಎಲ್ಲ ಎಳೆಯ ನ್ಯೂರಾನ್‌ಗಳನ್ನೂ ಬೆಳಗಿಸಿತು, ಬಗೆಯನ್ನು ಮಾತ್ರ ಹೇಳಲಿಲ್ಲ. ಆಗ ನಿಯಮ ಬದಲಿಸಿದೆ: ಕೋಶಕಾಯ ಇರುವ ಜಾಗ, ಆಕ್ಸಾನ್ (ಕೋಶದಿಂದ ಹೊರಡುವ ಉದ್ದನೆಯ ಎಳೆ) ಹೊರಟ ದಿಕ್ಕು, ಮಾರ್ಕರ್ (ಬಗೆಯನ್ನು ತೋರುವ ಪ್ರೋಟೀನ್), ಈ ಮೂರೂ ಒಪ್ಪಿದರೆ ಮಾತ್ರ ಹೆಸರು. ಐದರಲ್ಲೊಂದು ಪಾಲು ಕೋಶಗಳು ಇಂದಿಗೂ ಹೆಸರಿಲ್ಲದೆ ಉಳಿದಿವೆ, ಅವುಗಳಿಗೆ ಬಲವಂತದಿಂದ ಹೆಸರಿಡಲು ನಾನು ಒಪ್ಪುವುದಿಲ್ಲ.

ಹಂತ 20ರ ಸುಮಾರಿನ, ಅಂದರೆ ಮೂರು ದಿನದ, ಭ್ರೂಣದ ಹಿಮ್ಮಿದುಳಿಗೆ ಡೈ-ಐ ಎಂಬ ಹೊಳೆಯುವ ಬಣ್ಣದ ಹರಳು ಇಟ್ಟರೆ ಬಣ್ಣ ಆಕ್ಸಾನ್‌ಗುಂಟ ಹಿಂದಕ್ಕೆ ಏರಿ ಕೋಶಕಾಯವನ್ನು ತುಂಬುತ್ತದೆ. ಮುಮ್ಮಿದುಳು–ನಡುಮಿದುಳಿನ ಗಡಿಯ ತಳದಲ್ಲಿ ಕಂಡ ಗುಂಪು ಎಂಎಲ್‌ಎಫ್. ನಡುಮಿದುಳಿನ ಮೇಲ್ಭಾಗದ ಮಧ್ಯರೇಖೆಯ ಬಳಿ ಇದ್ದು, ಆಕ್ಸಾನನ್ನು ಮೊದಲು ಕೆಳಕ್ಕಿಳಿಸಿ ಬಳಿಕ ಹಿಂದಕ್ಕೆ, ಅಂದರೆ ಹಿಮ್ಮಿದುಳಿನತ್ತ, ತಿರುಗಿಸಿದ ಗುಂಪು ಮೀಸೆನ್ಸೆಫಾಲಿಕ್ ಟ್ರೈಜೆಮಿನಲ್ (ದವಡೆಯ ಸಂವೇದನೆ ಒಯ್ಯುವ ನ್ಯೂರಾನ್‌ಗಳು). ಈ ಎರಡನೆಯದಕ್ಕೆ ಬಿಆರ್‌ಎನ್-3ಎ ಎಂಬ ಮಾರ್ಕರ್ ಸಾಕ್ಷಿ ನುಡಿಯಿತು. ಆದರೆ ಆಂಟಿಬಾಡಿ ಒಳಹೋಗಲೆಂದು ಟ್ರೈಟಾನ್ ಎಂಬ ಮಾರ್ಜಕ ಹಾಕಿದೊಡನೆ ಡೈ-ಐ ಕರಗಿ ಹರಿದು, ನಲವತ್ತರಷ್ಟು ಭ್ರೂಣಗಳು ಹಾಳಾದವು. ಅದರ ಬದಲಿಗೆ ಬಳಸಿದ್ದೇನು, ಎಷ್ಟು ಎಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅನುಮಾನಿಸಿದ್ದ ಹಿರಿಯರೊಬ್ಬರಿಗೆ 30 ಚಿತ್ರಗಳನ್ನು ಗುರುತು ಮುಚ್ಚಿ ಕೊಟ್ಟೆ. ಅವರ ವಿಂಗಡಣೆ 27ರಲ್ಲಿ ನನ್ನದಕ್ಕೆ ತಾಳೆಯಾಯಿತು. ಉಳಿದ ಮೂರರಲ್ಲಿ ಆಕ್ಸಾನ್ ಇನ್ನೂ ಹಿಂದಕ್ಕೆ ತಿರುಗಿರಲಿಲ್ಲ.