ಇ-ಫೈಲಿಂಗ್‌ಗೆ ಮುಂಚೆ ಪಿಡಿಎಫ್ ಸರಿ ಮಾಡಿಕೊಳ್ಳಿ

ಪಾವಗಡದಿಂದ ತುಮಕೂರಿನ ಜಿಲ್ಲಾ ಕೋರ್ಟಿಗೆ ಬಂದು, ಒಂದು ಅರ್ಜಿ ಹಾಕಿ, ವಾಪಸ್ ಊರು ಸೇರುವಷ್ಟರಲ್ಲಿ ದಿನವೇ ಮುಗಿದಿರುತ್ತದೆ. ತಾಲ್ಲೂಕಿನ ವಕೀಲರು ಇ-ಫೈಲಿಂಗ್, ಅಂದರೆ ದಾವೆ, ಅರ್ಜಿಗಳನ್ನು ಆನ್‌ಲೈನ್‌ನಲ್ಲೇ ಕೋರ್ಟಿಗೆ ಸಲ್ಲಿಸುವುದನ್ನು, ಕಲಿಯಲು ಈ ಒಂದು ಕಾರಣ ಸಾಕು.

ಮೊದಲು ಖಾತೆ. filing.ecourts.gov.in ಪೋರ್ಟಲ್‌ಗೆ ಹೋಗಿ, ಬಾರ್ ಕೌನ್ಸಿಲ್ ಎನ್‌ರೋಲ್‌ಮೆಂಟ್ ನಂಬರ್, ಮೊಬೈಲ್, ಇಮೇಲ್ ಕೊಟ್ಟು ನೋಂದಾಯಿಸಿ. ಮೊಬೈಲ್ ನಂಬರ್ ನಿಮ್ಮದೇ ಇರಲಿ. ಗುಮಾಸ್ತರದ್ದೋ ಟೈಪಿಸ್ಟ್‌ದೋ ಕೊಟ್ಟುಬಿಟ್ಟರೆ, ಅವರು ರಜೆ ಹಾಕಿದ ದಿನ ಓಟಿಪಿ ಅವರ ಜೇಬಿನಲ್ಲಿ, ನೀವು ಇಲ್ಲಿ!

ಪೋರ್ಟಲ್ ಕಷ್ಟ ಅಂತ ಬಹಳ ಜನ ಹೆದರುತ್ತಾರೆ. ನಿಜವಾಗಿ ಕೈ ಕೊಡುವುದು ಪಿಡಿಎಫ್. ದಾವೆಯನ್ನು ಟೈಪ್ ಮಾಡಿ, ಪ್ರಿಂಟ್ ತೆಗೆದು, ಅದನ್ನು ಮತ್ತೆ ಫೋನಿನಲ್ಲಿ ಫೋಟೋ ಹೊಡೆದು ಅಪ್‌ಲೋಡ್ ಮಾಡುವ ಅಭ್ಯಾಸ ಬಿಡಿ. ವರ್ಡ್‌ನಿಂದಲೇ ನೇರವಾಗಿ ಪಿಡಿಎಫ್ ಮಾಡಿ, ಎ4 ಅಳತೆಯಲ್ಲಿ. ಕೈಯಲ್ಲಿ ಸಹಿ ಮಾಡಿದ ಪುಟಗಳು, ವಕಾಲತ್ತು, ಹಳೇ ಪಹಣಿ, ಕ್ರಯಪತ್ರ ಇವನ್ನು ಮಾತ್ರ ಸ್ಕ್ಯಾನರ್‌ಗೆ ಹಾಕಿ, 300 ಡಿಪಿಐನಲ್ಲಿ. ಕ್ರಯಪತ್ರದ ಹಿಂಬದಿಯ ನೋಂದಣಿ ಮುದ್ರೆ ಬಿಟ್ಟುಹೋಗದಂತೆ ಎರಡೂ ಕಡೆ ತೆಗೆಯಿರಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ, ಇದನ್ನು ಯಾರೂ ಮುಂಚೆ ಹೇಳುವುದೇ ಇಲ್ಲ. ನಮ್ಮ ಕಡೆ ಬಹಳ ಟೈಪಿಸ್ಟ್‌ಗಳು ಇನ್ನೂ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಕಣ್ಣಿಗೆ ಕನ್ನಡವೇ ಕಾಣುತ್ತದೆ, ಆದರೆ ಕಂಪ್ಯೂಟರ್‌ಗೆ ಅದು ಕನ್ನಡವೇ ಅಲ್ಲ. ಪಿಡಿಎಫ್ ತೆರೆದು ‘ಪ್ರತಿವಾದಿ’ ಅಂತ ಹುಡುಕಿ ನೋಡಿ. ಪುಟದ ತುಂಬಾ ಆ ಪದ ಇದ್ದರೂ ಒಂದೂ ಸಿಗದಿದ್ದರೆ, ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಹಾಕಿದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ, ಅದು ಹಳೇ ಫಾಂಟು. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಕನ್ನಡವೆಂದೇ ಗುರುತಿಸುವ ಅಕ್ಷರಕ್ಕೆ, ಬದಲಾಯಿಸಿ, ಒತ್ತಕ್ಷರಗಳನ್ನು ಒಂದು ಸಲ ಓದಿ, ಆಮೇಲೆ ಪಿಡಿಎಫ್ ಮಾಡಿ. ನಾಳೆ ನ್ಯಾಯಾಧೀಶರು ಇನ್ನೂರು ಪುಟದಲ್ಲಿ ಒಂದು ಸರ್ವೆ ನಂಬರ್ ಹುಡುಕುವಾಗ ಅದು ಸಿಗಬೇಕು, ಅಲ್ವಾ?

ಉಳಿದದ್ದು ಸಲೀಸು. ಹೊಸ ಪ್ರಕರಣವಾದರೆ ಜಿಲ್ಲೆ, ಕೋರ್ಟು, ಪಕ್ಷಗಾರರ ವಿವರ ತುಂಬಿ, ಫೈಲು ಏರಿಸಿ, ಆಧಾರ್ ಇ-ಸೈನ್ ಅಥವಾ ಡಿಜಿಟಲ್ ಸಹಿ ಹಾಕಿ, ಕೋರ್ಟ್ ಫೀ ಕಟ್ಟಿ ಸಲ್ಲಿಸಿ. ನಡೆಯುತ್ತಿರುವ ಕೇಸಿಗೆ ಅರ್ಜಿ ಹಾಕುವುದಾದರೆ ಆ ಕೇಸಿಗೆ ಕೊಟ್ಟಿರುವ, ಅಕ್ಷರ ಅಂಕಿ ಸೇರಿ 16 ಸ್ಥಾನದ ಸಿಎನ್‌ಆರ್ ಗುರುತಿನ ನಂಬರ್ ಕೈಯಲ್ಲಿರಲಿ.

ಸಲ್ಲಿಸಿದ ಕೂಡಲೇ ಕೇಸ್ ದಾಖಲಾಯಿತು ಅಂದುಕೊಳ್ಳಬೇಡಿ. ಕಚೇರಿಯವರು ಪರಿಶೀಲಿಸಿ ಆಕ್ಷೇಪಣೆ ಹಾಕಬಹುದು, ಅದು ನಿಮ್ಮ ಖಾತೆಯಲ್ಲೇ ಕಾಣುತ್ತದೆ. ಅದಕ್ಕೇ ಹೇಳುತ್ತೇನೆ, ಕಾಲಮಿತಿಯ ಕೊನೇ ರಾತ್ರಿವರೆಗೆ ಕಾಯಬೇಡಿ. ಕಕ್ಷಿದಾರರ ಜಮೀನು ನಿಮ್ಮನ್ನೇ ನಂಬಿಕೊಂಡಿರುತ್ತದೆ.

ಮೂಲ ದಾಖಲೆಗಳನ್ನು ಜೋಪಾನವಾಗಿಡಿ, ಕೋರ್ಟು ಕೇಳಿದಾಗ ಹಾಜರುಪಡಿಸಬೇಕು. ಕಂಪ್ಯೂಟರ್ ಅಭ್ಯಾಸವಿಲ್ಲದ ಹಿರಿಯ ವಕೀಲರು ಕೋರ್ಟ್ ಆವರಣದ ಇ-ಸೇವಾ ಕೇಂದ್ರದಲ್ಲಿ ಸಹಾಯ ಕೇಳಬಹುದು, ಸ್ಕ್ಯಾನಿಂಗ್‌ನಿಂದ ಹಿಡಿದು ಸಲ್ಲಿಸುವ ತನಕ.