ಬ್ಯಾಗಿಗೊಂದು ಚಾಕು ಹುಡುಕಿದ್ದು

ನಾನು ಸ್ಟಾಫ್ ನರ್ಸ್. ಹನ್ನೊಂದು ವರ್ಷದಿಂದ ಕ್ಯಾಶುವಾಲ್ಟಿಯಲ್ಲಿದ್ದೇನೆ. ಚಾಕು ಮನುಷ್ಯನ ಮೈಗೆ ಏನು ಮಾಡುತ್ತದೆ ಅಂತ ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಆದರೂ ಹೋದ ವರ್ಷ ನಾನೇ ಒಂದು ಚಾಕು ಕೊಳ್ಳಲು ಹೊರಟೆ.

ಕಾರಣ ದೊಡ್ಡದೇನಲ್ಲ. ಮೈಸೂರಿನ ರಿಂಗ್ ರೋಡ್ ಆಚೆ ಹೊಸ ಲೇಔಟಿಗೆ ಮನೆ ಬದಲಾಯಿಸಿದ್ದೆವು. ಮಧ್ಯಾಹ್ನದ ಡ್ಯೂಟಿ ಮುಗಿಸಿ ಬಸ್ ಇಳಿಯುವಾಗ ರಾತ್ರಿ ಒಂಬತ್ತೂವರೆ. ಸ್ಟಾಪಿನಿಂದ ಮನೆಗೆ ಮುಕ್ಕಾಲು ಕಿಲೋಮೀಟರ್ ನಡಿಗೆ. ಅರ್ಧ ಸೈಟುಗಳು ಖಾಲಿ, ಎದೆಯುದ್ದ ಪಾರ್ಥೇನಿಯಂ, ಬೀದಿ ದೀಪ ಒಂದು ಉರಿದರೆ ಮೂರು ಇಲ್ಲ. ಒಬ್ಬ ಬೈಕಿನವನು ಮೂರು ರಾತ್ರಿ ಹಿಂದೆಯೇ ನಿಧಾನಕ್ಕೆ ಬಂದ. ಏನೂ ಮಾತಾಡಲಿಲ್ಲ, ಏನೂ ಮಾಡಲಿಲ್ಲ. ನಾಲ್ಕನೇ ದಿನ ಅಡುಗೆಮನೆಯ ತರಕಾರಿ ಚಾಕು ನನ್ನ ಬ್ಯಾಗಿಗೆ ಬಂತು.

ಅದು ಎರಡು ದಿನ ಬಾಳಿತು. ಪೇಪರಿನಲ್ಲಿ ಸುತ್ತಿಟ್ಟಿದ್ದೆ. ಬಸ್ಸಿನ ಕುಲುಕಾಟಕ್ಕೆ ಪೇಪರ್ ಹರಿದು, ಬ್ಯಾಗಿನ ಒಳಗಿನ ಲೈನಿಂಗ್ ಸೀಳಿ, ಮೊನೆ ಹೊರಗೆ ಇಣುಕುತ್ತಿತ್ತು. ಪಕ್ಕದ ಸೀಟಿನ ಅಜ್ಜಿ ನೋಡಿ "ತರಕಾರಿ ಮಾರ್ತೀಯೇನಮ್ಮ?" ಅಂದರು.

ಅಡುಗೆ ಚಾಕು ಬೇಡ ಅನ್ನಲು ನನಗೆ ಇನ್ನೂ ಒಂದು ಕಾರಣ ಇತ್ತು. ಜಗಳದಲ್ಲಿ ಚಾಕು ಹಿಡಿದವನಿಗೇ ಎಷ್ಟೋ ಸಲ ಬೆರಳು ಕೊಯ್ದಿರುತ್ತದೆ. ತರಕಾರಿ ಚಾಕುವಿನ ಹಿಡಿಗೂ ಅಲಗಿಗೂ ನಡುವೆ ಬೆರಳನ್ನು ತಡೆಯುವ ಅಡ್ಡ ಇರುವುದಿಲ್ಲ. ಮೊನೆ ಗಟ್ಟಿಯಾದ ಏನಕ್ಕಾದರೂ ತಾಗಿ ನಿಂತರೆ, ಬೆವರಿದ ಕೈ ಹಿಡಿಯ ಮೇಲಿಂದ ಅಲಗಿನ ಮೇಲಕ್ಕೆ ಜಾರುತ್ತದೆ. ಹಾಗೆ ಬಂದವರು ಬಹಳ ಜನ "ಮಾವಿನಕಾಯಿ ಹೆಚ್ಚುವಾಗ ಆಯ್ತು ಸಿಸ್ಟರ್" ಅನ್ನುತ್ತಾರೆ. ನಾಲ್ಕು ಬೆರಳಿಗೂ ಸಾಲಾಗಿ ಅಡ್ಡ ಕೊಯ್ತ ಇದ್ದರೆ ಅದು ಮಾವಿನಕಾಯಿ ಅಲ್ಲ ಅಂತ ನಮಗೆ ಗೊತ್ತು. ಎಂಎಲ್‌ಸಿ ರಿಜಿಸ್ಟರ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸುಗಳ ಪುಸ್ತಕ, ತೆಗೆಯುತ್ತೇವೆ.

ಆಮೇಲೆ ಮಡಚುವ ಚಾಕು. ಮೊದಲನೆಯದನ್ನು ಸಂತೆಯಲ್ಲಿ 150 ರೂಪಾಯಿಗೆ ತಂದೆ. ನೋಡಲು ಚೆಂದ, ಮರದ ಹಿಡಿ. ರಜೆಗೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೋದಾಗ ಅಪ್ಪಯ್ಯನಿಗೆ ತೋರಿಸಿದೆ. ಅವರ ಸೊಂಟದಲ್ಲಿ ಸದಾ ಒಂದು ಕತ್ತಿ ಇರುತ್ತದೆ, ಆಚಾರಿ ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟ್ ಬಡಿದು ಮಾಡಿಕೊಟ್ಟದ್ದು. ಅವರು ನನ್ನ ಚಾಕು ಬಿಚ್ಚಿ, ಅಲಗಿನ ಬೆನ್ನನ್ನು ಅಡಿಕೆ ಮರಕ್ಕೆ ಮೆಲ್ಲಗೆ ತಟ್ಟಿದರು. ಟಪ್ ಅಂತ ಮಡಚಿಕೊಂಡಿತು.

"ಇದು ನಿನ್ನ ಬೆರಳನ್ನೇ ಮೊದಲು ಕೊಯ್ತದೆ ಮಾರಾಯ್ತಿ" ಅಂದು ವಾಪಸ್ ಕೊಟ್ಟರು.

ಅದಕ್ಕೆ ಲಾಕ್ ಇರಲಿಲ್ಲ. ಒಳಗೊಂದು ಸ್ಪ್ರಿಂಗ್ ಮಾತ್ರ. ಮಡಚುವ ಚಾಕು ಕೊಳ್ಳುವವರಿಗೆ ನನ್ನ ಮೊದಲ ಮಾತೇ ಇದು, ಅದು ಹಣ್ಣು ಹೆಚ್ಚಲಿಕ್ಕೇ ಆಗಲಿ. ಬಿಚ್ಚಿದ ಮೇಲೆ ಅಲಗಿನ ಬೆನ್ನನ್ನು ಮರಕ್ಕೆ ತಟ್ಟಿ ನೋಡಿ. ಬೆರಳನ್ನು ಅಲಗು ಬೀಳುವ ದಾರಿಯಿಂದ ದೂರ ಇಟ್ಟುಕೊಂಡು.

ಎರಡನೆಯದು ಲಾಕ್ ಇದ್ದದ್ದು, 700 ರೂಪಾಯಿ. ಅಲಗು ಮೂರು ಇಂಚು. ಇದನ್ನು ಸೋಪಿನ ನೀರಲ್ಲಿ ಕೈ ಅದ್ದಿಕೊಂಡು ಹಿಡಿದು ನೋಡಿದೆ. ಉಬ್ಬುತಗ್ಗಿನ ಹಿಡಿ, ಜಾರಲಿಲ್ಲ. ಬಾಳೆ ದಿಂಡಿಗೆ ಒತ್ತಿದೆ, ಮಡಚಲಿಲ್ಲ. ಸರಿ, ಚಾಕು ಸಿಕ್ಕಿತು ಅಂದುಕೊಂಡೆ.

ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅವರು ಮೊದಲು ಅಳತೆ ಹೇಳಿದರು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಪಟ್ಟಿಗೆ ಬರುತ್ತದೆ. ಮನೆಗೆಲಸ, ಹೊಲಗದ್ದೆ, ಕಾರ್ಖಾನೆಗೆಂದು ಮಾಡಿದವು ಬಿಟ್ಟು. ಅಪ್ಪಯ್ಯನ ಕತ್ತಿ ತೋಟದಲ್ಲಿ ಉಳಿಯುವುದು ಹಾಗೆ. ನನ್ನದು ಮೂರೇ ಇಂಚು. "ಆದ್ರೆ ಪೊಲೀಸರು ಇದು ಯಾಕೆ ಅಂತ ಕೇಳಿದ್ರೆ ಏನಂತೀರಿ?" ಅಂದರು. "ಯಾರಾದ್ರೂ ಮೈಮೇಲೆ ಬಂದ್ರೆ ಚುಚ್ಚೋಕೆ" ಅಂದೆ. ಅವರು ನಕ್ಕುಬಿಟ್ಟರು. ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ. ಮೊದಲು ಐಪಿಸಿ 96ರಿಂದ 106ರವರೆಗೆ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44. ಆದರೆ ಕಾಪಾಡಿಕೊಳ್ಳಲು ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವ ಹಕ್ಕು ಅದರಲ್ಲಿ ಇಲ್ಲ. ಮೂರು ರಾತ್ರಿ ಸುಮ್ಮನೆ ಹಿಂದೆ ಬಂದವನಿಗೆ ನಾನು ಚಾಕು ಹಾಕಿದ್ದರೆ ಕೋರ್ಟಿನಲ್ಲಿ ಉತ್ತರ ಕೊಡಬೇಕಾದವಳು ನಾನೇ.

ಇಷ್ಟಾದರೂ ಚಾಕು ಬ್ಯಾಗಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆಸಿದವನು ನನ್ನ ತಮ್ಮ.

ಅವನು ಎಲ್ಲೋ ಓದಿದ್ದ. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಡೆನ್ನಿಸ್ ಟುಲರ್ ಎಂಬ ಪೊಲೀಸ್ ತರಬೇತುದಾರರು ಒಂದು ಲೆಕ್ಕ ಬರೆದರು. 21 ಅಡಿ ದೂರದಿಂದ ಒಬ್ಬ ಓಡಿ ಬಂದು ಮೈಮೇಲೆ ಬೀಳಲು ಸುಮಾರು ಒಂದೂವರೆ ಸೆಕೆಂಡ್ ಸಾಕು. ಪೊಲೀಸರು ಸೊಂಟದ ಗನ್ ತೆಗೆಯಲು ಬೇಕಾಗುವಷ್ಟೇ ಹೊತ್ತು. ಭಾನುವಾರ ತಾರಸಿಯ ಮೇಲೆ ಟೇಪು ಹಿಡಿದು 21 ಅಡಿಗೆ ಸೀಮೆಸುಣ್ಣದ ಗೆರೆ ಎಳೆದೆವು. ಚಾಕು ಬದಲು ಬ್ಯಾಗಿನಲ್ಲಿ ಕ್ಯಾಪ್ ಹಾಕಿದ ಕೆಂಪು ಸ್ಕೆಚ್ ಪೆನ್. ಇಬ್ಬರಿಗೂ ಅವನ ಹಳೇ ಬಿಳಿ ಶರ್ಟು.

ಮೊದಲ ಸಲ ಅವನು ಬಂದು ಹೆಗಲು ಹಿಡಿದಾಗ ನನ್ನ ಕೈ ಇನ್ನೂ ಜಿಪ್ ಮೇಲೆ ಇತ್ತು. ಎರಡನೇ ಸಲ ಕೈಗೆ ಪೆನ್ ಬದಲು ಲಿಪ್ ಬಾಮ್ ಬಂತು. ಐದನೇ ಸಲ ಮುಂಚೆಯೇ ಪೆನ್ ಕೈಯಲ್ಲಿ ಹಿಡಿದು ನಿಂತೆ. ಅವನಿಗೆ ಮೂರು ಗೆರೆ ಎಳೆದೆ, ಖುಷಿಯಾಯಿತು. ಆರನೇ ಸಲ ಅವನು ನನ್ನ ಮಣಿಕಟ್ಟು ಹಿಡಿದು ತಿರುಚಿ ಪೆನ್ ಕಿತ್ತುಕೊಂಡ. ಅವನು 78 ಕೆಜಿ, ನಾನು 52. ಬಿಡಿಸಿಕೊಳ್ಳುವಷ್ಟರಲ್ಲಿ ನನ್ನ ಮೈಮೇಲೆ ಕೆಂಪು ಗೆರೆಯೋ ಗೆರೆ.

ಅಲ್ಲೇ ನೀರಿನ ಟ್ಯಾಂಕಿಗೆ ಒರಗಿ ಕೂತು ನಾನು ನನ್ನ ಗೆರೆಗಳನ್ನು ಓದಿದೆ. ಕೆಲಸದ ಅಭ್ಯಾಸ, ಏನು ಮಾಡುವುದು. ಮುಂಗೈ ಹೊರಬದಿಗೆ ನಾಲ್ಕು: ಇವು ಕೈ ಅಡ್ಡ ಹಿಡಿದಾಗ ಆಗುವ ಗಾಯ, ಹದಿನೈದು ಹೊಲಿಗೆ. ಮಣಿಕಟ್ಟಿನ ಒಳಬದಿ ಒಂದು: ಬೆರಳಾಡಿಸುವ ಟೆಂಡನ್ ಹೋಗಿರುತ್ತದೆ, ಆಪರೇಷನ್ ಥಿಯೇಟರಿಗೆ ಕಳಿಸಬೇಕು, ಆ ಕೈಯಲ್ಲಿ ಮತ್ತೆ ಡ್ರಿಪ್ಪಿನ ಕ್ಯಾನುಲಾ ಹಾಕಬಲ್ಲೆನೋ ಇಲ್ಲವೋ. ಪಕ್ಕೆಯ ಮೇಲೆ ಒಂದೇ ಒಂದು ಚುಕ್ಕೆ. ನನಗೆ ಹೆದರಿಕೆ ಆಗಿದ್ದು ಆ ಚುಕ್ಕೆ ನೋಡಿ. ಚುಚ್ಚಿದ ಗಾಯದ ಬಾಯಿ ಅರ್ಧ ಇಂಚೇ ಇರಬಹುದು, ಎಷ್ಟೋ ಸಲ ರಕ್ತ ಹೊರಗೆ ಹೆಚ್ಚು ಕಾಣುವುದಿಲ್ಲ, ಆಳ ಎಷ್ಟು ಅಂತ ಹೊರಗಿನಿಂದ ಹೇಳಲಾಗುವುದಿಲ್ಲ. ನಡೆದುಕೊಂಡೇ ಬಂದವರು ಹತ್ತು ನಿಮಿಷಕ್ಕೆ ಬೆವರಿ ಕುಸಿದದ್ದನ್ನು ನೋಡಿದ್ದೇನೆ.

"ಸಾಕಾ ಅಕ್ಕ?" ಅಂದ ತಮ್ಮ. ಅವನ ಶರ್ಟಿನಲ್ಲೂ ಒಂದು ಚುಕ್ಕೆ ಇತ್ತು, ಹೊಕ್ಕುಳ ಹತ್ತಿರ. ನಾನು ಮಾಡಿದ್ದು.

ಆ ರಾತ್ರಿ ಚಾಕು ಬ್ಯಾಗಿನಿಂದ ಹೊರಗೆ ಬಂತು.

ಈಗ ನನ್ನ ಕೈಯಲ್ಲಿ ಇರುವುದು ಟಾರ್ಚ್. ಬ್ಯಾಗಿನಲ್ಲಲ್ಲ, ಕೈಯಲ್ಲಿ. ಬಸ್ ಇಳಿಯುವ ಮೊದಲೇ ಹಿಡಿದಿರುತ್ತೇನೆ. ಕತ್ತಲೆಯಲ್ಲಿ ಮುಖಕ್ಕೆ ಬೆಳಕು ಬಿದ್ದರೆ ಯಾರಾದರೂ ಎರಡು ಕ್ಷಣ ಕಣ್ಣು ಮುಚ್ಚುತ್ತಾರೆ. ನನಗೆ ಬೇಕಿರುವುದೂ ಅಷ್ಟೇ ಹೊತ್ತು. ನಾಯಿಗಳಿಗೂ ಆಗುತ್ತದೆ, ಗುಂಡಿ ನೋಡಲೂ ಆಗುತ್ತದೆ, ಯಾರೂ ಯಾಕೆ ಅಂತ ಕೇಳುವುದಿಲ್ಲ. ಇನ್ನೊಂದು ಜೇಬಿನಲ್ಲಿ ಪೆಪ್ಪರ್ ಸ್ಪ್ರೇ. ಅದೂ ಆಟಿಕೆ ಅಲ್ಲ. 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಕೇಸಿನಲ್ಲಿ ಅದನ್ನು ಅಪಾಯಕಾರಿ ಆಯುಧ ಎಂದೇ ನೋಡಿತು. ಜೀವಕ್ಕೆ ಅಪಾಯವಿಲ್ಲದ ಆ ಜಗಳದಲ್ಲಿ ಬಳಸಿದ್ದನ್ನು ಆತ್ಮರಕ್ಷಣೆ ಅಂತ ಒಪ್ಪಲಿಲ್ಲ. ಗಾಳಿ ಎದುರಿಗಿದ್ದರೆ ನಿಮ್ಮ ಕಣ್ಣಿಗೇ ಬರುತ್ತದೆ. ಡಬ್ಬಿಯ ಮೇಲಿನ ತಾರೀಖೂ ನೋಡಿಕೊಳ್ಳಿ. ಹಳೆಯದಾದರೆ ಒತ್ತಡ ಕಡಿಮೆಯಾಗಿ ಪಿಚಕ್ಕಂತ ಕಾಲ ಬುಡಕ್ಕೆ ಬೀಳುತ್ತದೆ. ತಾರಸಿಯಲ್ಲಿ ಅದನ್ನೂ ಪರೀಕ್ಷೆ ಮಾಡಿದ್ದೆವು. ಕೆಳಗಿನ ಮನೆಯವರೆಲ್ಲ ಸೀನಿದರು.

ಬೈಕಿನವನ ವಿಷಯ 112ಕ್ಕೆ ಹೇಳಿದೆ. ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ನೆನಪಿತ್ತು. ಎರಡು ರಾತ್ರಿ ಪೊಲೀಸ್ ಗಾಡಿ ಆ ರಸ್ತೆಯಲ್ಲಿ ಓಡಾಡಿತು. ಆಮೇಲೆ ಅವನು ಕಾಣಲಿಲ್ಲ.

ಆ 700 ರೂಪಾಯಿ ಚಾಕು ನೈಟ್ ಡ್ಯೂಟಿ ರೂಮಿನ ಡ್ರಾಯರಿಗೆ ಹೋಯಿತು. ಒಳ್ಳೆ ಚಾಕು, ಸುಳ್ಳು ಹೇಳಬಾರದು. ಸೇಬು, ಸೀಬೆ, ಪಾರ್ಸಲ್ ದಾರ, ಎಲ್ಲಕ್ಕೂ ಅದೇ. ಹೋದ ವಾರ ಯಾರೋ ಆರ್ಥೋ ವಾರ್ಡಿಗೆ ತೆಗೆದುಕೊಂಡು ಹೋದವರು ಇನ್ನೂ ವಾಪಸ್ ಕೊಟ್ಟಿಲ್ಲ.