ಕೈ ಊರದೆ ಏಳುವಷ್ಟು ಬಲ

ಮೈಸೂರಿನಲ್ಲಿ ಹಿರಿಯರ ಮನೆಗಳಿಗೇ ಹೋಗಿ ಫಿಸಿಯೋಥೆರಪಿ ಮಾಡಿಸುವ ನನ್ನನ್ನು ಹೆಚ್ಚಿನವರು ಕರೆಸುವುದು ಮಂಡಿನೋವಿಗೆ. ನೋವಿನ ವಿಚಾರಕ್ಕೆ ಹೋಗುವ ಮೊದಲು ನಾನು ಊಟದ ಮೇಜಿನ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಬಾರಿ ಎದ್ದು ಕೂರಲು ಹೇಳುತ್ತೇನೆ. ಅದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಸಾರ್ಕೋಪೀನಿಯಾ, ಅಂದರೆ ವಯಸ್ಸಿನೊಂದಿಗೆ ಸ್ನಾಯುವಿನ ಗಾತ್ರವೂ ಬಲವೂ ಕುಗ್ಗುವ ಸ್ಥಿತಿ ಇದೆಯೇ ಎಂದು ಮುಂದೆ ಪರೀಕ್ಷಿಸಬೇಕೆಂದು ಏಷ್ಯಾದ ತಜ್ಞರ 2019ರ ಮಾರ್ಗಸೂಚಿ ಹೇಳುತ್ತದೆ.

ತೂಕದ ಯಂತ್ರವನ್ನು ನಾನು ನೆಚ್ಚುವುದಿಲ್ಲ. ಸ್ನಾಯು ಕರಗಿದಲ್ಲಿ ಕೊಬ್ಬು ಸೇರಿ ತೂಕ ಹಾಗೆಯೇ ಉಳಿದಿರಬಹುದು. ಎಡವಿದಾಗ ಥಟ್ಟನೆ ಕಾಲೂರಿ ದೇಹವನ್ನು ತಡೆಯುವ ವೇಗದ ಸ್ನಾಯುತಂತುಗಳೇ ಹೆಚ್ಚು ಸೊರಗುವುದರಿಂದ ಬೀಳುವ, ಸೊಂಟದ ಮೂಳೆ ಮುರಿಯುವ ಅಪಾಯ ಏರುತ್ತದೆ. ಉಂಡ ಮೇಲೆ ರಕ್ತದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದೂ ಸ್ನಾಯುವೇ ಆದ್ದರಿಂದ ಮಧುಮೇಹಿಗಳಿಗೆ ಈ ನಷ್ಟ ಇನ್ನೊಂದು ಹೊರೆ.

ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರು ದಿನವೂ ಸಂಜೆ ಪಾರ್ಕಿನಲ್ಲಿ ನಡೆಯುತ್ತಿದ್ದರೂ ತೊಡೆಗೆ ಕೈ ಒತ್ತದೆ ಏಳಲಾರದವರಾಗಿದ್ದರು. "ವಯಸ್ಸಾಯ್ತಲ್ಲಪ್ಪ, ಇನ್ನೆಲ್ಲಿ ಬರುತ್ತೆ ಬಲ?" ಎಂದರು. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ತೊಡೆಗೆ ಅದೊಂದೇ ಸಾಲದು. ಸ್ನಾಯುವಿಗೆ ಸ್ವಲ್ಪ ಸ್ವಲ್ಪವೇ ಹೆಚ್ಚುವ ಭಾರ ಬೇಕು. ಕುರ್ಚಿಯ ಮೇಲೆ ಜಮಖಾನವನ್ನು ನಾಲ್ಕು ಮಡಿಕೆ ಹಾಕಿ ಎತ್ತರ ಮಾಡಿದೆ. ಅಲ್ಲಿಂದ ಏಳುವುದು ಅವರಿಗೆ ಸಾಧ್ಯವಾಯಿತು. ಕೂರುವಾಗ ದೊಪ್ಪನೆ ಬೀಳದೆ, ಉಸಿರು ಹಿಡಿಯದೆ, ನಾಲ್ಕು ಎಣಿಸುತ್ತ ಇಳಿಯಬೇಕು. ಆ ಇಳಿತದಲ್ಲಿಯೂ ಸ್ನಾಯು ಕೆಲಸ ಮಾಡುತ್ತದೆ. ದಿನ ಬಿಟ್ಟು ದಿನ ಮಾಡಿಸುತ್ತ, ಸಲೀಸಾದಂತೆಲ್ಲ ಒಂದೊಂದು ಮಡಿಕೆ ಬಿಚ್ಚಿದೆವು. ಬರಿಯ ಕುರ್ಚಿಯಿಂದಲೇ ಎದ್ದ ಮೇಲೆ ಒಂದು ಕಿಲೋ ಅಕ್ಕಿಯ ಪೊಟ್ಟಣವನ್ನು ಎದೆಗೊತ್ತಿಕೊಂಡು ಏಳಲು ಹೇಳಿದೆ. ಜೊತೆಗೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ವಯಸ್ಸಾದ ಮೇಲೆ ಬಲ ಬಾರದೆಂಬುದು ನಿಜವಲ್ಲ: 1990ರಲ್ಲಿ ಬಾಸ್ಟನ್ನಿನ ಸಂಶೋಧಕರು ತೊಂಬತ್ತರ ಆಸುಪಾಸಿನ ದುರ್ಬಲ ವೃದ್ಧರಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದಾಗ ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು.

ವ್ಯಾಯಾಮದಷ್ಟೇ ಮುಖ್ಯವಾದದ್ದು ತಟ್ಟೆ. ವಯಸ್ಸಾದವರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಐವತ್ತು ಕಿಲೋ ತೂಗುವ ಈ ಶಿಕ್ಷಕಿಗೆ ಅದು 50ರಿಂದ 60 ಗ್ರಾಂ. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ತಿಳಿಸಾರು ಅನ್ನ ಉಣ್ಣುವವರಿಗೆ ಅಷ್ಟು ಸಿಗುವುದಿಲ್ಲ. ಹಲ್ಲಿನ ತೊಂದರೆಯಿಂದ ಅವರು ಕಾಳು ಬಿಟ್ಟಿದ್ದರು. ಹೆಸರುಬೇಳೆ ದೋಸೆ, ಮೆತ್ತಗೆ ಬೇಯಿಸಿದ ಕಡಲೆಕಾಳು, ಗಟ್ಟಿ ಮೊಸರನ್ನು ಮೂರೂ ಹೊತ್ತಿಗೆ ಹಂಚಿ ಸೇರಿಸಿದೆವು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಹೃದ್ರೋಗಿಗಳು ವ್ಯಾಯಾಮಕ್ಕೂ ಮೊದಲು ಕೇಳಿಕೊಳ್ಳಬೇಕು.

ಮನೆಯವರಲ್ಲಿ ನಾನು ಕೈಮುಗಿದು ಕೇಳುವುದು ಒಂದೇ: ಪ್ರೀತಿಯಿಂದ ಎಲ್ಲವನ್ನೂ ಕೂತಲ್ಲಿಗೇ ತಂದುಕೊಡಬೇಡಿ. ಆಸ್ಪತ್ರೆಗೆ ಸೇರಿದಾಗಲಂತೂ, ಹಾಸಿಗೆಯಿಂದ ಎಬ್ಬಿಸಿ ಯಾವಾಗಿನಿಂದ ಕೂರಿಸಬಹುದು, ನಿಲ್ಲಿಸಬಹುದು ಎಂದು ಮೊದಲ ದಿನವೇ ವೈದ್ಯರನ್ನು ಕೇಳಿ. ಹತ್ತು ದಿನ ಮಲಗಿದಲ್ಲೇ ಇದ್ದರೆ ಆರೋಗ್ಯವಂತ ವೃದ್ಧರೂ ಕಾಲುಗಳಲ್ಲಿ ಸುಮಾರು ಒಂದು ಕಿಲೋ ಸ್ನಾಯುವನ್ನು ಕಳೆದುಕೊಳ್ಳಬಲ್ಲರು.